ಪಕ್ಕದ ಮನೆ ಶೂಲ್ (ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ) ಆಗಿದೆ, ಅವರಿಗೆ ಆಸ್ತಿ ತೆರಿಗೆನೇ ಇಲ್ವಂತೆ. ನಿಜಾನಾ?

ಹಡ್ಸನ್‌ದಂಡೆ:
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ. ಊರಿನ ಹೆಸರು ಬೇಡ, ನೆರೆಹೊರೆ ವಿಷಯ. ಮನೆ ತಗೊಂಡು ಐದು ವರ್ಷ ಆಯ್ತು. ಪಕ್ಕದ ಮನೆಯವರು ಆರ್ಥೊಡಾಕ್ಸ್ ಯಹೂದಿಗಳು. ನಮಗಿಂತ ಎಷ್ಟೋ ಮೊದಲಿಂದ ಇದ್ದಾರೆ, ಒಳ್ಳೆಯವರೇ. ಎರಡು ವರ್ಷದಿಂದ ಅವರ ಬೇಸ್‌ಮೆಂಟಿನಲ್ಲಿ ಪ್ರಾರ್ಥನೆ ನಡೆಯುತ್ತಿದೆ. ಬೆಳಿಗ್ಗೆ ಆರೂವರೆಗೆ ಹದಿನೈದು ಇಪ್ಪತ್ತು ಗಂಡಸರು ಬರುತ್ತಾರೆ, ಸಂಜೆ ಮತ್ತೆ ಬರುತ್ತಾರೆ. ನಮ್ಮ ಡ್ರೈವ್‌ವೇ ಮುಂದೆ ಕಾರು ನಿಲ್ಲಿಸಿ ಹೋಗುತ್ತಾರೆ. ಎರಡು ಸಲ ನನಗೆ ಆಫೀಸಿಗೆ ತಡ ಆಗಿದೆ.

ಮೊನ್ನೆ ಎದುರು ಮನೆಯವರು ಹೇಳಿದರು, "ಅವರು ಒಂದು ಸೆಂಟೂ ಪ್ರಾಪರ್ಟಿ ಟ್ಯಾಕ್ಸ್ ಕಟ್ಟಲ್ಲ. ಬೇಸ್‌ಮೆಂಟಿಗೆ ನಾಲ್ಕು ಬೆಂಚು ಹಾಕಿದರೆ ಸಾಕು, ಇಡೀ ಮನೆಗೆ ಮಾಫಿ." ನಾನು ವರ್ಷಕ್ಕೆ ಹತ್ತಿರ ಹತ್ತಿರ 15,000 ಡಾಲರ್ ಕಟ್ಟುತ್ತೇನೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಇದು ನಿಜಾನಾ? ಹಾಗಿದ್ದರೆ ನಮ್ಮ ದೇವರ ಮನೆಗೂ ಒಂದು ಬೋರ್ಡ್ ಹಾಕಿಬಿಡ್ತೀನಿ.

ತೆಂಗಿನಗರಿ:
ನಿಜ. ನಮ್ಮ ಕಡೆಯೂ ಇದೇ ಕಥೆ. ಬೋರ್ಡ್ ಹಾಕಿ, ಮಂಗಳಾರತಿ ತಟ್ಟೆ ಇಡಿ, ಟ್ಯಾಕ್ಸ್ ಮರೆತುಬಿಡಿ.

ಲೆಕ್ಕದ ಮಾವ:
ಸ್ವಲ್ಪ ತಡೀರಿ. ನಾನು ಹದಿನೆಂಟು ವರ್ಷದಿಂದ ಇಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ಮೂರು ನಾಲ್ಕು ಧಾರ್ಮಿಕ ಸಂಸ್ಥೆಗಳ ಅರ್ಜಿ ತುಂಬಿಕೊಟ್ಟಿದ್ದೇನೆ. ಎದುರು ಮನೆಯವರು ಹೇಳಿದಷ್ಟು ಸುಲಭ ಇಲ್ಲ.

ನ್ಯೂಯಾರ್ಕಿನ ಆಸ್ತಿ ತೆರಿಗೆ ಕಾನೂನಿನಲ್ಲಿ 420-ಎ ಅಂತ ಒಂದು ಸೆಕ್ಷನ್ ಇದೆ. ಚರ್ಚು, ಶೂಲ್, ದೇವಸ್ಥಾನ, ಮಸೀದಿ ಎಲ್ಲಕ್ಕೂ ಅದೇ. ಅದು ಮೊದಲು ಕೇಳುವುದು ಮನೆ ಯಾರ ಹೆಸರಿನಲ್ಲಿದೆ ಅಂತ. ಒಳಗೆ ಏನು ನಡೆಯುತ್ತೆ ಅನ್ನೋದು ಆಮೇಲೆ. ಆಸ್ತಿ ಧಾರ್ಮಿಕ ಸಂಸ್ಥೆಯ ಹೆಸರಿನಲ್ಲಿ ಇರಬೇಕು. ಗಂಡ ಹೆಂಡತಿ ಹೆಸರಿನಲ್ಲಿ ಕ್ರಯಪತ್ರ ಇದ್ದರೆ, ಒಳಗೆ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ನಡೆದರೂ 420-ಎ ಅನ್ವಯಿಸಲ್ಲ. ನಿಮ್ಮ ದೇವರ ಮನೆ ಬೋರ್ಡು ಅಲ್ಲಿಗೇ ಬಿತ್ತು ನೋಡಿ.

ಎರಡನೆಯದು ಬಳಕೆ. ಕಾನೂನಿನಲ್ಲಿ "ಕೇವಲ" ಧಾರ್ಮಿಕ ಉದ್ದೇಶಕ್ಕೆ ಅಂತ ಇದೆ. ಆದರೆ ಕೋರ್ಟುಗಳು ಅದನ್ನು "ಮುಖ್ಯವಾಗಿ" ಅಂತ ಓದುತ್ತವೆ. 1992ರಲ್ಲಿ ಸಲಿವನ್ ಕೌಂಟಿಯ ಫಾಲ್ಸ್‌ಬರ್ಗ್ ಟೌನಿನ ಒಂದು ಯೆಶಿವಾ (ಯಹೂದಿ ಧರ್ಮಪಾಠಶಾಲೆ) ಪ್ರಕರಣ ರಾಜ್ಯದ ಅತ್ಯುನ್ನತ ಕೋರ್ಟಿಗೆ ಹೋಗಿತ್ತು. ಬೇಸಿಗೆ ಶಿಬಿರದಲ್ಲಿ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಅವರ ಮನೆಯವರು ಇರುವ ಬಂಗಲೆಗಳಿಗೆ ವಿನಾಯಿತಿ ಇದೆಯಾ ಅನ್ನುವುದು ಪ್ರಶ್ನೆ. ಮುಖ್ಯ ಉದ್ದೇಶಕ್ಕೆ ಹೊಂದಿಕೊಂಡಿರುವ ವಾಸವಾದರೆ ವಿನಾಯಿತಿ ಇದೆ ಅಂತ ಕೋರ್ಟ್ ಹೇಳಿತು. ಹಾಗಂತ ಬೇಸ್‌ಮೆಂಟ್ ಶೂಲ್ ಇದ್ದ ಮಾತ್ರಕ್ಕೆ ಮೇಲಿನ ಮೂರು ಮಹಡಿಗೂ ಮಾಫಿ ಅಂತಲ್ಲ. ಕಟ್ಟಡದ ಒಂದು ಭಾಗ ಬೇರೆ ಬಳಕೆಗೆ ಹೋದರೆ ಆ ಭಾಗಕ್ಕೆ ತೆರಿಗೆ, ಉಳಿದದ್ದಕ್ಕೆ ವಿನಾಯಿತಿ. ಅಸೆಸರ್, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿ, ಚದರಡಿ ಲೆಕ್ಕ ಹಾಕಿ ಪಾಲು ಮಾಡಬಹುದು.

ರಬ್ಬಿ ವಾಸದ ವಿಷಯ ಬೇರೆ. 462 ಅನ್ನುವ ಸೆಕ್ಷನ್ ಪ್ರಕಾರ, ಮನೆ ಧಾರ್ಮಿಕ ಸಂಸ್ಥೆಯದಾಗಿದ್ದು ಅಲ್ಲಿ ಪೂಜೆ ನಡೆಸುವ ಪುರೋಹಿತರು ನಿಜವಾಗಿ ವಾಸವಿದ್ದರೆ ಆ ಮನೆಗೆ ವಿನಾಯಿತಿ ಇದೆ. ಪುರೋಹಿತರು ಅಂದರೆ ಪಾದ್ರಿ, ರಬ್ಬಿ, ನಮ್ಮ ಭಟ್ಟರು, ಎಲ್ಲರೂ ಸೇರಿದರು. ಮನೆ ಅವರ ಸ್ವಂತದ್ದಾದರೆ 460. ಅದರಲ್ಲಿ ಕಳೆಯುವುದು ಅಸೆಸ್ಡ್ ಮೌಲ್ಯದಲ್ಲಿ 1,500 ಡಾಲರ್ ಮಾತ್ರ. ಒಂದೂವರೆ ಸಾವಿರ ತೆರಿಗೆ ಅಲ್ಲ, ಮೌಲ್ಯ. ಪೂರ್ತಿ ಬೆಲೆಗೆ ಅಸೆಸ್ ಮಾಡುವ ಊರಾದರೆ ಕೈಗೆ ಬರುವುದು ಕಾಫಿ ಖರ್ಚು.

ಹಡ್ಸನ್‌ದಂಡೆ:
ಥ್ಯಾಂಕ್ಸ್ ಮಾವ. ಅಂದರೆ ಪಕ್ಕದವರು ಕ್ರಯಪತ್ರವನ್ನು ಸಂಸ್ಥೆಗೆ ಬರೆದುಕೊಟ್ಟಿದ್ದಾರಾ ಅನ್ನೋದೇ ಪ್ರಶ್ನೆ ಅಂತಾಯ್ತು.

ತೆಂಗಿನಗರಿ:
ಅದೇ ಅಲ್ವಾ ಆಟ! ಒಂದು ಕಾಂಗ್ರಿಗೇಶನ್, ಅಂದರೆ ಪ್ರಾರ್ಥನಾ ಸಂಘ, ನೋಂದಣಿ ಮಾಡು. ಟ್ರಸ್ಟಿಗಳು ನಾನು, ನನ್ನ ಹೆಂಡತಿ, ನನ್ನ ಭಾವಮೈದ. ಮನೆ ಅದರ ಹೆಸರಿಗೆ ಬರೆ. ಕೆಳಗೆ ಹತ್ತು ಜನ ಪ್ರಾರ್ಥನೆ, ಮೇಲೆ ನಾನೇ ರಬ್ಬಿ ಅಂತ ಸಂಸಾರ. 420-ಎ ಕೆಳಗೆ, 462 ಮೇಲೆ. ಪೂರ್ತಿ ಸೊನ್ನೆ. ಮಾವ, ಇದು ತಪ್ಪಾ ಹೇಳಿ.

ಲೆಕ್ಕದ ಮಾವ:
ಕಾಗದದ ಮೇಲೆ ತಪ್ಪಿಲ್ಲ. ಹಾಗೆ ಮಾಡಲು ನೋಡುವವರೂ ಇದ್ದಾರೆ, ಎಲ್ಲ ಧರ್ಮದಲ್ಲೂ ಇದ್ದಾರೆ. ಆದರೆ ಅದಕ್ಕೆ ಕೊಡಬೇಕಾದ ಬೆಲೆ ಯಾರೂ ಹೇಳಲ್ಲ.

ಮನೆ ಸಂಸ್ಥೆಗೆ ಬರೆದ ದಿನದಿಂದ ಅದು ನಿಮ್ಮದಲ್ಲ. ಮಕ್ಕಳಿಗೆ ಬಿಟ್ಟುಹೋಗೋಕೆ ಆಗಲ್ಲ. ನ್ಯೂಯಾರ್ಕಿನಲ್ಲಿ ಧಾರ್ಮಿಕ ಸಂಸ್ಥೆ ತನ್ನ ಆಸ್ತಿ ಮಾರಬೇಕಾದರೆ ಕೋರ್ಟಿನ ಅನುಮತಿ ಇಲ್ಲವೇ ಅಟಾರ್ನಿ ಜನರಲ್ ಒಪ್ಪಿಗೆ ಬೇಕು. ಬಂದ ಹಣವೂ ಸಂಸ್ಥೆಯ ಕೆಲಸಕ್ಕೇ ಹೋಗಬೇಕು. ನಾಳೆ ಕಾಂಗ್ರಿಗೇಶನ್ ಒಡೆದರೆ, ಭಾವಮೈದನ ಜತೆ ಮಾತು ಬಿಟ್ಟರೆ, ನಿಮ್ಮ ಜೀವಮಾನದ ಉಳಿತಾಯ ವಕೀಲರ ಪಾಲು. ವರ್ಷಕ್ಕೆ 15,000 ಉಳಿಸೋಕೆ ಇಡೀ ಮನೆ ಬಿಟ್ಟುಕೊಡುವವರು ಒಂದೋ ನಿಜವಾದ ಭಕ್ತರು, ಇಲ್ಲವೇ ಲೆಕ್ಕ ಬಾರದವರು.

ಇನ್ನೊಂದು ಅಡ್ಡಗಾಲು ಝೋನಿಂಗ್, ಅಂದರೆ ಯಾವ ಜಾಗ ಯಾವ ಬಳಕೆಗೆ ಅನ್ನುವ ಊರಿನ ನಿಯಮ. ಮನೆಯನ್ನು ಪ್ರಾರ್ಥನೆ ಮನೆ ಮಾಡಲು ಊರಿನ ಅನುಮತಿ ಬೇಕಿದ್ದು, ಅದಿಲ್ಲದೆ ನಡೆಸುತ್ತಿದ್ದರೆ ತೆರಿಗೆ ವಿನಾಯಿತಿ ಕೂಡ ಸಿಗಲ್ಲ. ಝೋನಿಂಗ್ ನಿಯಮ ಮುರಿದ ಬಳಕೆಗೆ ವಿನಾಯಿತಿ ಇಲ್ಲ ಅಂತ ಈ ರಾಜ್ಯದ ಕೋರ್ಟುಗಳು ಹೇಳಿವೆ. ಜತೆಗೆ ಪ್ರತಿ ವರ್ಷ ನವೀಕರಣದ ಅರ್ಜಿ. ಹೆಚ್ಚಿನ ಟೌನುಗಳಲ್ಲಿ ಮಾರ್ಚ್ 1 ಲೆಕ್ಕದ ದಿನ. ಆ ದಿನ ಮನೆ ಯಾರದು, ಏನಕ್ಕೆ ಬಳಕೆ ಅನ್ನುವುದೇ ಮುಖ್ಯ. ಫೆಬ್ರವರಿಯಲ್ಲಿ ನನಗೆ ಬರುವ ಫೋನುಗಳ ಸಂಖ್ಯೆ ಕೇಳಬೇಡಿ.

ಒಂದು ಮಾತು ಮಾತ್ರ ಅಸೆಸರ್‌ಗೆ ಕಷ್ಟ. ಹೊಸ ವಿನಾಯಿತಿ ಕೇಳುವವರು ತಾವೇ ಅರ್ಹತೆ ತೋರಿಸಬೇಕು. ಆದರೆ ಒಮ್ಮೆ ಕೊಟ್ಟದ್ದನ್ನು ಟೌನು ಕಿತ್ತುಕೊಳ್ಳಬೇಕಾದರೆ, ತಪ್ಪಾಗಿದೆ ಅಂತ ತೋರಿಸುವ ಹೊಣೆ ಟೌನಿನ ಮೇಲೆ. ಅದಕ್ಕೇ ಮೊದಲ ಸಲ ಅರ್ಜಿ ಬಂದಾಗ ಪ್ರಶ್ನೆಗಳು ಜಾಸ್ತಿ.

ಕರಾವಳಿ ಹುಡುಗಿ:
ನಾನು ಇದೇ ಕೌಂಟಿಯ ಮಾನ್ಸಿ ಅನ್ನುವ ಊರಿನ ಪಕ್ಕದಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ಟ್ಯಾಕ್ಸ್ ವಿಷಯ ಮಾವ ಹೇಳಲಿ. ಆದರೆ "ಅವರು ಯಾಕೆ ಒಂದು ದೊಡ್ಡ ಸಿನಗಾಗ್ ಕಟ್ಟಿಕೊಂಡು ಅಲ್ಲಿಗೇ ಹೋಗಲ್ಲ" ಅಂತ ಎಲ್ಲರೂ ಕೇಳ್ತಾರೆ ನೋಡಿ, ಅದಕ್ಕೆ ಉತ್ತರ ಹೇಳ್ತೀನಿ.

ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್. ಆರ್ಥೊಡಾಕ್ಸ್ ಮನೆಯವರು ಆ ಹೊತ್ತು ಕಾರು ಓಡಿಸಲ್ಲ, ಸ್ವಿಚ್ ಮುಟ್ಟಲ್ಲ. ಅಂದರೆ ಶೂಲ್ ನಡೆದು ಹೋಗುವ ದೂರದಲ್ಲೇ ಇರಬೇಕು. ಜನವರಿ ಹಿಮದಲ್ಲಿ, ಜುಲೈ ಬಿಸಿಲಲ್ಲಿ, ಎಪ್ಪತ್ತು ವರ್ಷದ ಅಜ್ಜ ನಡೆಯಬೇಕು. ಪ್ರಾರ್ಥನೆಯ ಕೆಲವು ಭಾಗಗಳಿಗೆ, ಅವರ ಧರ್ಮಗ್ರಂಥ ತೋರಾ ಓದೋಕೆ, ಸತ್ತವರಿಗಾಗಿ ಹೇಳುವ ಕದ್ದಿಶ್‌ಗೆ ಕನಿಷ್ಠ ಹತ್ತು ಗಂಡಸರು ಬೇಕು. ಅದಕ್ಕೆ ಮಿನ್ಯಾನ್ ಅಂತಾರೆ. ಒಬ್ಬನೇ ಕೂತು ಜಪ ಮಾಡಿ ಮುಗಿಸುವ ಪದ್ಧತಿ ಅಲ್ಲ ಅದು. ದಿನಕ್ಕೆ ಮೂರು ಹೊತ್ತು. ಹಾಗಾಗಿ ಎರಡು ಮೂರು ಬೀದಿಗೊಂದು ಚಿಕ್ಕ ಜಾಗ ಹುಟ್ಟುತ್ತೆ. ಪೂರ್ವ ಯುರೋಪಿನಲ್ಲೂ ಹೀಗೇ ಇತ್ತು. ಯಿಡ್ಡಿಷ್ ಭಾಷೆಯಲ್ಲಿ ಶ್ಟೀಬಲ್ ಅಂತ ಕರೀತಾರೆ. ಅರ್ಥ ಏನು ಗೊತ್ತಾ? ಪುಟ್ಟ ಕೋಣೆ ಅಂತ. ಮನೆಯೊಳಗಿನ ಪ್ರಾರ್ಥನೆ ಅವರಿಗೆ ಹೊಸ ಕಿತಾಪತಿ ಅಲ್ಲ, ಹಳೇ ರೂಢಿ.

ಹಡ್ಸನ್‌ದಂಡೆ ಅವರೇ, ಒಂದು ಕೇಳ್ತೀನಿ. ಶನಿವಾರ ನಿಮ್ಮ ಡ್ರೈವ್‌ವೇ ಮುಂದೆ ಕಾರು ಇರುತ್ತಾ?

ಹಡ್ಸನ್‌ದಂಡೆ:
ಯೋಚನೆ ಮಾಡಿದರೆ, ಇಲ್ಲ. ಶನಿವಾರ ಒಂದೂ ಇರಲ್ಲ. ವಾರದ ದಿನ ಮಾತ್ರ. ಕೆಲಸಕ್ಕೆ ಹೋಗುವ ದಾರಿಯಲ್ಲಿ ನಿಲ್ಲಿಸಿ ಹೋಗ್ತಾರೆ ಅನ್ಸುತ್ತೆ.

ಕರಾವಳಿ ಹುಡುಗಿ:
ಅದೇ. ಹಾಗಾದರೆ ನಿಮ್ಮ ತಲೆನೋವು ಪಾರ್ಕಿಂಗ್. ಅದು ತೆರಿಗೆ ಅಲ್ಲ.

ಸಂಬಂಧ ಇಲ್ಲದ್ದು ಒಂದು ಹೇಳಲಾ? ನಾವು ಬಂದ ಹೊಸದರಲ್ಲಿ ಒಂದು ಶುಕ್ರವಾರ ರಾತ್ರಿ ಪಕ್ಕದ ಮನೆ ಅಮ್ಮ ಬಾಗಿಲು ತಟ್ಟಿದರು. "ನಮ್ಮ ಮನೆಯಲ್ಲಿ ತುಂಬಾ ಸೆಕೆ" ಅಂದರು. ನಾನು "ಅಯ್ಯೋ ಪಾಪ" ಅಂದೆ. ಅವರು ಅಲ್ಲೇ ನಿಂತರು. "ತುಂಬಾನೇ ಸೆಕೆ" ಅಂದರು. ಐದು ನಿಮಿಷ ಆದ ಮೇಲೆ ಅರ್ಥ ಆಯ್ತು, ಏಸಿ ಆಫ್ ಆಗಿದೆ, ಹಾಕು ಅಂತ ನೇರವಾಗಿ ಕೇಳುವ ಹಾಗಿಲ್ಲ, ನಾನೇ ತಿಳ್ಕೋಬೇಕು. ಹೋಗಿ ಸ್ವಿಚ್ ಹಾಕಿ ಬಂದೆ. ಮಡಿ ಮಾತಾಡುವ ನಮ್ಮ ಅಜ್ಜಿ ನೆನಪಾದರು.

ಬೋನ್ ಸ್ಟ್ರೀಟ್ ದೋಸೆ:
ಹೆಸರು ನೋಡಿ ಗೊತ್ತಾಗಿರಬೇಕು, ನಾನು ಕ್ವೀನ್ಸ್‌ನ ಫ್ಲಶಿಂಗ್ ಕಡೆಯವನು. ಗಣೇಶನ ದೇವಸ್ಥಾನದ ಕ್ಯಾಂಟೀನ್ ದೋಸೆಗೆ ಬರುವ ಕನ್ನಡಿಗರು ಇಲ್ಲಿ ಬಹಳ ಜನ ಇರಬಹುದು. ಆ ಬೀದಿಗೆ ಬೋನ್ ಅಂತ ಹೆಸರು ಯಾಕೆ ಬಂತು ಅಂತ ಯಾರಾದರೂ ಕೇಳಿದ್ದೀರಾ? ಈ ಚರ್ಚೆಗೂ ಅದಕ್ಕೂ ನೇರ ನಂಟಿದೆ.

1650ರ ದಶಕದಲ್ಲಿ ನ್ಯೂಯಾರ್ಕ್ ಡಚ್ಚರ ಕೈಯಲ್ಲಿತ್ತು, ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್. ಪೀಟರ್ ಸ್ಟೈವೆಸಂಟ್ ಅಂತ ಒಬ್ಬ ಸಿಡುಕ ಆಡಳಿತಗಾರ. 1654ರಲ್ಲಿ ಬ್ರೆಜಿಲ್‌ನ ರೆಸಿಫೆಯಿಂದ ತಪ್ಪಿಸಿಕೊಂಡು 23 ಯಹೂದಿಗಳು ಹಡಗಿನಲ್ಲಿ ಬಂದಿಳಿದರು. ಅವನು ಓಡಿಸಬೇಕು ಅಂದ. ಆ ವಸಾಹತು ನಡೆಸುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿ, ಇರಲಿ ಬಿಡು ಅಂತ ಬರೆಯಿತು. ಆಮೇಲೆ 1656ರಲ್ಲಿ ಇನ್ನೊಂದು ಪತ್ರ. ಯಹೂದಿಗಳು ತಮ್ಮ ಧರ್ಮ ಆಚರಿಸಬಹುದು, ಆದರೆ ಸದ್ದಿಲ್ಲದೆ, ತಮ್ಮ ಮನೆಗಳ ಒಳಗೇ. ಅಂದರೆ ಈ ಊರಿನಲ್ಲಿ ಯಹೂದಿ ಪ್ರಾರ್ಥನೆಗೆ ಮೊದಲು ಸಿಕ್ಕ ಅನುಮತಿಯೇ ಮನೆಯೊಳಗೆ ಮಾತ್ರ ಅಂತ! ಅವರ ಮೊದಲ ಸಿನಗಾಗ್ ಕಟ್ಟಡ ಮಿಲ್ ಸ್ಟ್ರೀಟಿನಲ್ಲಿ ಎದ್ದದ್ದು 1730ರಲ್ಲಿ. ಅಲ್ಲಿವರೆಗೆ ಎಪ್ಪತ್ತು ಚಿಲ್ಲರೆ ವರ್ಷ ಮನೆ, ಬಾಡಿಗೆ ಕೋಣೆ.

ಇನ್ನು ಬೋನ್. ಜಾನ್ ಬೋನ್ ಫ್ಲಶಿಂಗ್‌ನ ಒಬ್ಬ ರೈತ. 1662ರಲ್ಲಿ ತನ್ನ ಮನೆಯಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರಿಗೆ ಪ್ರಾರ್ಥನೆ ಮಾಡಲು ಬಿಟ್ಟ. ಅದೇ ಸ್ಟೈವೆಸಂಟ್ ಹಿಡಿದು ಹಾಲೆಂಡಿಗೆ ಗಡಿಪಾರು ಮಾಡಿದ. ಬೋನ್ ಅಲ್ಲಿ ಕಂಪನಿಯವರ ಮುಂದೆ ವಾದ ಮಾಡಿ ಗೆದ್ದು ಮನೆಗೆ ವಾಪಸ್ ಬಂದ. 1663ರಲ್ಲಿ ಸ್ಟೈವೆಸಂಟ್‌ಗೆ ಆದೇಶ ಬಂತು, ಜನರ ಮನಸ್ಸಾಕ್ಷಿಗೆ ಕೈ ಹಾಕಬೇಡ ಅಂತ. ಆ ಮನೆ ಇವತ್ತೂ ಬೋನ್ ಸ್ಟ್ರೀಟಿನಲ್ಲೇ ಇದೆ, ಈಗ ಮ್ಯೂಸಿಯಂ. ಅದೇ ಬೀದಿಯಲ್ಲಿ ಕೆಳಗೆ ಹೋದರೆ ನಮ್ಮ ಗಣೇಶ, 1977ರಿಂದ. ನಮ್ಮವರು ಕೊಂಡ ಜಾಗದಲ್ಲಿ ಮೊದಲಿದ್ದದ್ದು ರಷ್ಯನ್ ಆರ್ಥೊಡಾಕ್ಸ್ ಚರ್ಚು.

ತೆಂಗಿನಗರಿ:
ಚೆನ್ನಾಗಿದೆ ಕಥೆ. ಆದರೆ ಬೋನ್ ಪ್ರಾರ್ಥನೆಗೆ ಜಾಗ ಕೇಳಿದ, ತೆರಿಗೆ ಮಾಫಿ ಕೇಳಲಿಲ್ಲ. ಪ್ರಾರ್ಥನೆ ಮಾಡಲಿ, ನನಗೇನು ಕಷ್ಟ ಇಲ್ಲ. ಅದರ ಬಿಲ್ ನನಗ್ಯಾಕೆ? ನಾನು ನಾಸ್ತಿಕ. ನನ್ನ ಪಾಲಿಗೆ ದೇವರ ಮನೆಯೂ ಒಂದೇ, ಗ್ಯಾರೇಜೂ ಒಂದೇ.

ಲೆಕ್ಕದ ಮಾವ:
ನೀವು ಕೇಳಿದ ಪ್ರಶ್ನೆಯನ್ನೇ ಸ್ಟೇಟನ್ ಐಲ್ಯಾಂಡ್‌ನಲ್ಲಿ ಚೂರು ಜಾಗ ಇದ್ದ ಫ್ರೆಡರಿಕ್ ವಾಲ್ಜ್ ಕೇಳಿದ. ಚರ್ಚುಗಳು ಕಟ್ಟದ ತೆರಿಗೆ ನನ್ನ ತಲೆ ಮೇಲೆ ಬೀಳುತ್ತೆ, ಅಂದರೆ ಸರ್ಕಾರ ನನ್ನಿಂದ ಬಲವಂತವಾಗಿ ಧರ್ಮಕ್ಕೆ ಚಂದಾ ಕೊಡಿಸಿದ ಹಾಗೆ ಅಂತ ಅವನ ವಾದ. ಸುಪ್ರೀಂ ಕೋರ್ಟಿನವರೆಗೂ ಹೋದ. 1970ರಲ್ಲಿ 7-1ರಲ್ಲಿ ಸೋತ. ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಬರೆದ ತೀರ್ಪಿನ ತಿರುಳು ಇಷ್ಟು. ಹಣ ಎತ್ತಿ ಕೊಡುವುದು ಬೇರೆ, ಕೇಳದೆ ಬಿಡುವುದು ಬೇರೆ. ತೆರಿಗೆ ಹಾಕಲು ಹೊರಟರೆ ಸರ್ಕಾರ ಚರ್ಚಿನ ಬೆಲೆ ಕಟ್ಟಬೇಕು, ಬಾಕಿ ಉಳಿದರೆ ಜಪ್ತಿ ಮಾಡಬೇಕು. ಧರ್ಮದ ಜತೆ ಅಂಟು ಅದರಿಂದ ಜಾಸ್ತಿಯೇ ಆಗುತ್ತೆ. ಒಬ್ಬರೇ ಒಪ್ಪದವರು ನ್ಯಾಯಮೂರ್ತಿ ಡಗ್ಲಸ್. ವಿನಾಯಿತಿ ಅಂದರೆ ಸಬ್ಸಿಡಿಯೇ ಅಂತ ಅವರು ಬರೆದರು. ನೀವು ಡಗ್ಲಸ್ ಪಾರ್ಟಿ.

ನ್ಯೂಯಾರ್ಕಿನಲ್ಲಿ ಇನ್ನೂ ಗಟ್ಟಿ. ರಾಜ್ಯದ ಸಂವಿಧಾನದ 16ನೇ ವಿಧಿಯಲ್ಲೇ ಇದೆ, ಬೇರೆ ವಿನಾಯಿತಿಗಳನ್ನು ಶಾಸಕರು ತೆಗೆದುಹಾಕಬಹುದು, ಧಾರ್ಮಿಕ, ಶೈಕ್ಷಣಿಕ, ದತ್ತಿ ಆಸ್ತಿಗಳದ್ದನ್ನು ತೆಗೆಯುವಂತಿಲ್ಲ ಅಂತ. ಹಾಗಾಗಿ ಟೌನ್ ಸಭೆಯಲ್ಲಿ ಮೈಕ್ ಹಿಡಿದು "ಇದನ್ನು ರದ್ದು ಮಾಡಿ" ಅಂತ ಕೂಗುವವರು ಸುಮ್ನೆ ಗಂಟಲು ನೋಯಿಸಿಕೊಳ್ಳುತ್ತಾರೆ. ಟೌನಿಗೆ ಆ ಅಧಿಕಾರವೇ ಇಲ್ಲ.

ಬಿಲ್ ಎಷ್ಟು ಅಂತ ಬೇಕಾದರೆ ಲೆಕ್ಕ ಹಾಕೋಣ. ಒಂದು ಕಾಲ್ಪನಿಕ ಊರು, 1,000 ಮನೆ, ಎಲ್ಲ ಒಂದೇ ಬೆಲೆ, ತಲಾ 15,000 ಡಾಲರ್ ತೆರಿಗೆ. ಊರಿಗೆ ಬೇಕಾದ ಒಟ್ಟು ದುಡ್ಡು ಮೊದಲೇ ನಿಗದಿ ಆಗಿರುತ್ತೆ, ಆಮೇಲೆ ಅದನ್ನು ಹಂಚುತ್ತಾರೆ. ಒಂದು ಮನೆ ಪೂರ್ತಿ ಮಾಫಿ ಆದರೆ ಉಳಿದ 999 ಮನೆಗೆ ತಲಾ 15 ಡಾಲರ್ ಜಾಸ್ತಿ. ವರ್ಷಕ್ಕೆ, ತಿಂಗಳಿಗಲ್ಲ. ಆದರೆ ಐವತ್ತು ಮನೆ ಮಾಫಿ ಆದರೆ ತಲಾ 789 ಡಾಲರ್ ಜಾಸ್ತಿ. ಒಂದಕ್ಕೆ ಯಾರಿಗೂ ಗೊತ್ತಾಗಲ್ಲ, ಐವತ್ತಕ್ಕೆ ಎಲ್ಲರಿಗೂ ಗೊತ್ತಾಗುತ್ತೆ. ಜಗಳ ಅಮೆರಿಕದ ಎಲ್ಲ ಕಡೆ ಇಲ್ಲದೆ ರಾಕ್‌ಲ್ಯಾಂಡ್, ನ್ಯೂಜೆರ್ಸಿಯ ಲೇಕ್‌ವುಡ್ ಥರದ ಕಡೆ ಜೋರಾಗಿ ಇರುವುದು ಇದಕ್ಕೇ.

ತೆಂಗಿನಗರಿ:
789 ಡಾಲರ್. ಕಡೆಗೂ ಒಬ್ಬರು ಅಂಕಿ ಹೇಳಿದರು. ಇದರಲ್ಲಿ ಮುಕ್ಕಾಲು ಭಾಗ ಶಾಲೆ ತೆರಿಗೆ ತಾನೆ? ನನ್ನ ಮಗಳ ಶಾಲೆಗೆ ಹೋಗುವ ದುಡ್ಡು ಅದು. ಹೇಳಿ, ನಾನು ಕೇಳಿದ್ದು ತಪ್ಪಾ?

ಲೆಕ್ಕದ ಮಾವ:
ಮುಕ್ಕಾಲೋ ಎಷ್ಟೋ ಊರೂರಿಗೆ ಬೇರೆ. ದೊಡ್ಡ ಪಾಲು ಶಾಲೆಯದ್ದು, ಹೌದು. 420-ಎ ಇದ್ದರೆ ಅದೂ ಮಾಫಿ, ಹೌದು. ನೀವು ಕೇಳಿದ್ದು ತಪ್ಪಲ್ಲ. ಐವತ್ತು ಅರ್ಜಿ ಬಂದರೆ ಐವತ್ತನ್ನೂ ಒಂದೊಂದಾಗಿ ನೋಡಿ, ಅರ್ಹತೆ ಇಲ್ಲದ್ದನ್ನು ತಳ್ಳಿಹಾಕಿ ಅಂತ ಅಸೆಸರ್‌ಗೆ ಹೇಳುವ ಹಕ್ಕು ನಿಮಗಿದೆ. "ಆ ಜನ ಎಲ್ಲ ಹೀಗೇ" ಅನ್ನುವುದು ಬೇರೆ ಮಾತು.

ನಿರ್ವಾಹಕ:
ಇಲ್ಲಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ. ಒಂದು ಸಮುದಾಯವನ್ನೇ ಕಳ್ಳರು ಅನ್ನುವ ಮಾತು ಈ ವೇದಿಕೆಯಲ್ಲಿ ಬೇಡ. ತೆರಿಗೆ, ಕಾನೂನು, ಪಾರ್ಕಿಂಗ್ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ.

ಕರಾವಳಿ ಹುಡುಗಿ:
ಥ್ಯಾಂಕ್ಸ್. ಈ ಕೌಂಟಿಯಲ್ಲಿ ಆ ಥರದ ಮಾತಿಗೆ ಒಂದು ಇತಿಹಾಸವೇ ಇದೆ. ರಾಮಾಪೊ ಟೌನಿನ ಒಳಗೆ ಏರ್‌ಮಾಂಟ್ ಅಂತ ಒಂದು ವಿಲೇಜ್ ಇದೆ. 1991ರಲ್ಲಿ ಪ್ರತ್ಯೇಕ ಆಯ್ತು. ಯಾಕೆ ಅಂದರೆ ಝೋನಿಂಗ್ ತಮ್ಮ ಕೈಗೆ ಬೇಕಿತ್ತು. ಮನೆಗಳಲ್ಲಿ ಪ್ರಾರ್ಥನೆ ನಡೆಸೋದನ್ನು ತಡೆದು ಆರ್ಥೊಡಾಕ್ಸ್ ಯಹೂದಿಗಳನ್ನು ದೂರ ಇಡೋದೇ ಉದ್ದೇಶ ಅಂತ ಕೇಸು ಬಿತ್ತು. ಅಲ್ಲಿನ ಯಹೂದಿ ನಿವಾಸಿಗಳೂ ಹಾಕಿದರು, ಅಮೆರಿಕ ಸರ್ಕಾರವೇ ಬೇರೆ ಹಾಕಿತು. 1995ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಏರ್‌ಮಾಂಟ್ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿಗೆ ಮುಗೀತಾ? 2005ರಲ್ಲಿ ಸರ್ಕಾರ ಮತ್ತೆ ಕೇಸು ಹಾಕಿತು, 2020ರಲ್ಲಿ ಮತ್ತೆ. ಒಂದೇ ವಿಲೇಜ್ ಮೇಲೆ ಮೂರು ಸಲ. ಪಾರ್ಕಿಂಗ್, ಕಸ, ತೆರಿಗೆ ಅಂತ ಶುರುವಾಗುವ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಇಲ್ಲಿನ ಕೋರ್ಟುಗಳಿಗೆ ಚೆನ್ನಾಗಿ ಗೊತ್ತು.

ಲೆಕ್ಕದ ಮಾವ:
ಹೌದು, ಆದರೆ ಅದು ಝೋನಿಂಗ್ ಕೇಸು. ಎರಡನ್ನೂ ಒಂದೇ ಗಂಟು ಕಟ್ಟಬೇಡಿ. ಝೋನಿಂಗ್ ಅಂದರೆ ಅಲ್ಲಿ ಪ್ರಾರ್ಥನೆ ನಡೆಸಬಹುದಾ ಅಂತ. ಅದಕ್ಕೆ 2000ರಲ್ಲಿ ಕ್ಲಿಂಟನ್ ಸಹಿ ಹಾಕಿದ ಫೆಡರಲ್ ಕಾನೂನು ಇದೆ, ವಕೀಲರು ಅದನ್ನು ಅರ್ಲೂಪಾ ಅಂತ ಕರೀತಾರೆ. ಅದು ಬರುವ ಮೊದಲು ಮನೆ ಶೂಲ್‌ಗಳು ಸೋತದ್ದೂ ಉಂಟು. ಮಯಾಮಿ ಬೀಚಿನಲ್ಲಿ ವಯಸ್ಸಾದ ಒಬ್ಬ ರಬ್ಬಿ ಮನೆಯ ಗ್ಯಾರೇಜಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. 1983ರಲ್ಲಿ ಮೇಲ್ಮನವಿ ಕೋರ್ಟ್ ಸಿಟಿಯ ಪರ ಹೋಯ್ತು. ಈಗ ಊರಿನವರು ಬೇಡ ಅನ್ನಬೇಕಾದರೆ ಗಟ್ಟಿ ಕಾರಣ ಬೇಕು.

ತೆರಿಗೆ ಮಾತ್ರ ರಾಜ್ಯದ ಕಾನೂನು, ಗಡಿ ದಾಟಿದರೆ ನಿಯಮ ಬೇರೆ. ಪೆನ್ಸಿಲ್ವೇನಿಯಾ ಸಂವಿಧಾನದಲ್ಲಿ ನಿಯಮಿತವಾಗಿ ಪೂಜೆ ನಡೆಯುವ ಜಾಗಕ್ಕೆ ವಿನಾಯಿತಿ ಅಂತ ಇದೆ. ಪೂಜೆಯ ಜಾಗ ಬಿಟ್ಟು ಉಳಿದದ್ದಕ್ಕೆ ನೀವು ದತ್ತಿ ಸಂಸ್ಥೆ ಅಂತ ತೋರಿಸಬೇಕು. ಬೊಬೊವ್ ಅನ್ನುವ ಹಸಿದಿಕ್ ಯಹೂದಿ ಪಂಗಡದ ಒಂದು ಬೇಸಿಗೆ ಶಿಬಿರ ಅಲ್ಲಿ ಹಾಗೇ 2012ರಲ್ಲಿ ಸೋತಿತು. ನ್ಯೂಜೆರ್ಸಿಯಲ್ಲಿ ಲೆಕ್ಕದ ದಿನ ಅಕ್ಟೋಬರ್ 1. ಎಡಿಸನ್‌ನವರು ಇದನ್ನು ಓದಿ ಮಾರ್ಚ್ ತನಕ ಕಾಯಬೇಡಿ.

ಚಾಮುಂಡಿಪುರಂ:
ಮೈಸೂರಿನಿಂದ ಒಂದು ಪ್ರಶ್ನೆ. ನಮ್ಮಲ್ಲೂ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, 1976ರ ಪ್ರಕಾರ ಸಾರ್ವಜನಿಕ ಪೂಜೆಗೆ ಮೀಸಲಿಟ್ಟ ಜಾಗಕ್ಕೆ ತೆರಿಗೆ ಇಲ್ಲ. ಅಲ್ಲಿ "ಸಾರ್ವಜನಿಕ" ಅನ್ನುವ ಪದ ಮುಖ್ಯ. ನನ್ನ ಮನೆ ದೇವರ ಕೋಣೆ ನನಗೆ ಮಾತ್ರ. ಆ ಬೇಸ್‌ಮೆಂಟಿಗೆ ಯಾರು ಬೇಕಾದರೂ ಹೋಗಬಹುದಾ? ಕರೆದವರು ಮಾತ್ರ ಹೋಗೋದಾದರೆ ಅದು ಹೇಗೆ ಪೂಜಾ ಸ್ಥಳ ಆಗುತ್ತೆ?

ಥೇಮ್ಸ್ ತೀರ:
ಲಂಡನ್ನಿನಿಂದ. ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿತ್ತು. ಯಹೂದಿಗಳದ್ದಲ್ಲ, ಪ್ರೆಸ್ಟನ್ ಹತ್ತಿರದ ಮಾರ್ಮನ್ ಪಂಥದ ದೊಡ್ಡ ಮಂದಿರದ್ದು. ಅದರೊಳಗೆ ಅವರ ಪಂಥದಲ್ಲೇ ಅರ್ಹತೆ ಪಡೆದವರು ಮಾತ್ರ ಹೋಗಬಹುದು. ಇಲ್ಲಿನ ಕಾನೂನು "ಸಾರ್ವಜನಿಕ ಧಾರ್ಮಿಕ ಪೂಜೆ" ಅನ್ನುತ್ತೆ. ಬಾಗಿಲು ಎಲ್ಲರಿಗೂ ತೆರೆದಿಲ್ಲ, ಹಾಗಾಗಿ ಪೂರ್ತಿ ವಿನಾಯಿತಿ ಇಲ್ಲ ಅಂತ 2008ರಲ್ಲಿ ತೀರ್ಪಾಯ್ತು. ಇಷ್ಟೇ ಗೊತ್ತಿರೋದು, ನ್ಯೂಯಾರ್ಕ್ ಬಗ್ಗೆ ಮಾವ ಹೇಳಲಿ.

ಲೆಕ್ಕದ ಮಾವ:
420-ಎಯಲ್ಲಿ ಆ ಪದ ಇಲ್ಲ. ಮಾಲೀಕರು ಯಾರು, ಬಳಕೆ ಏನು ಅಷ್ಟೇ. ಆದರೆ ಅಸೆಸರ್ ಬಂದು ನೋಡಿದಾಗ ತೋರಾ ಇಡುವ ಕಪಾಟು, ಪ್ರಾರ್ಥನೆ ಸಮಯದ ಪಟ್ಟಿ, ಬಂದು ಹೋಗುವ ಜನ ಕಂಡರೆ ಅರ್ಜಿಗೆ ಬಲ. ಪಿಂಗ್‌ಪಾಂಗ್ ಟೇಬಲ್ ಮಧ್ಯದಲ್ಲಿ ಎರಡು ಕುರ್ಚಿ ಕಂಡರೆ ಬಲ ಇಲ್ಲ.

ಕರಾವಳಿ ಹುಡುಗಿ:
ಮಿನ್ಯಾನ್‌ಗೆ ಒಂಬತ್ತೇ ಜನ ಇದ್ದಾಗ ಬಾಗಿಲಲ್ಲಿ ನಿಂತು ಹತ್ತನೆಯವನಿಗಾಗಿ ಬೀದಿ ನೋಡ್ತಾರೆ, ನಾನೇ ಕಂಡಿದ್ದೇನೆ. ಗುರುತಿಲ್ಲದ ಯಹೂದಿ ದಾರಿಯಲ್ಲಿ ಹೋಗ್ತಿದ್ದರೂ ಕೈಹಿಡಿದು ಕರೀತಾರೆ. ಕರೆದವರು ಮಾತ್ರ ಬರುವ ಜಾಗ ಅಲ್ಲ ಅದು.

ಹಡ್ಸನ್‌ದಂಡೆ:
ಎಲ್ಲರಿಗೂ ಒಂದು ಅಪ್ಡೇಟ್. ಇವತ್ತು ಮಧ್ಯಾಹ್ನ ಟೌನ್ ಹಾಲಿಗೆ ಹೋಗಿದ್ದೆ. ಈ ವರ್ಷದ ತಾತ್ಕಾಲಿಕ ಅಸೆಸ್‌ಮೆಂಟ್ ಪಟ್ಟಿ ಮೇ 1ಕ್ಕೆ ಹೊರಬಂದಿದೆ, ಯಾರು ಬೇಕಾದರೂ ನೋಡಬಹುದು ಅಂತ ಗೊತ್ತೇ ಇರಲಿಲ್ಲ. ಕಿಟಕಿಯಲ್ಲಿದ್ದ ಹೆಂಗಸು ದೊಡ್ಡ ಪುಸ್ತಕ ತೆಗೆದುಕೊಟ್ಟರು.

ಪಕ್ಕದ ಮನೆ ಸಿಕ್ಕಿತು. ಮಾಲೀಕರು ಗಂಡ ಹೆಂಡತಿ. ಸಂಸ್ಥೆಯ ಹೆಸರು ಎಲ್ಲೂ ಇಲ್ಲ. ವರ್ಗ 210 ಅಂತಿದೆ. ಆದರೆ ಕೆಳಗೆ ವಿನಾಯಿತಿ ಅಂತ ಒಂದು ಸಾಲು ಇದೆ! ಕೋಡ್ 41854. ಇದೇನಾ ಅದು? ಫೋಟೊ ತೆಗೆಯೋಕೆ ಬಿಟ್ಟರು, ಎದುರು ಮನೆಯವರಿಗೂ ಕಳಿಸೋಣ ಅಂತಿದ್ದೇನೆ.

ಲೆಕ್ಕದ ಮಾವ:
ಕಳಿಸಬೇಡಿ, ಮಾನ ಹೋಗುತ್ತೆ. 210 ಅಂದರೆ ಒಂದು ಕುಟುಂಬದ ಮನೆ. ಶೂಲ್ ಅಂತ ಪರಿಗಣಿಸಿದ್ದರೆ 620 ಅಂತ ಇರುತ್ತಿತ್ತು. ಧಾರ್ಮಿಕ ಸಂಸ್ಥೆಯ ವಿನಾಯಿತಿಗೆ ಕೋಡ್ 25110. ರಬ್ಬಿ ವಾಸಕ್ಕೆ 21600. ಸ್ವಂತ ಮನೆ ಇರುವ ಪುರೋಹಿತರಿಗೆ 41400. ಈ ಮೂರರಲ್ಲಿ ಒಂದೂ ಅಲ್ಲಿಲ್ಲ.

41854 ಅಂದರೆ ಬೇಸಿಕ್ ಸ್ಟಾರ್. ಸ್ವಂತ ಮನೆಯಲ್ಲಿ ವಾಸ ಇರುವ ಮಾಮೂಲಿ ಜನಕ್ಕೆ ಶಾಲೆ ತೆರಿಗೆಯಲ್ಲಿ ರಾಜ್ಯ ಕೊಡುವ ಸಣ್ಣ ರಿಯಾಯಿತಿ. ಹಿಂದೂ, ಯಹೂದಿ, ನಾಸ್ತಿಕ ಯಾರಿಗೆ ಬೇಕಾದರೂ. ನಿಮ್ಮ ಪಕ್ಕದವರು ಬೇಸ್‌ಮೆಂಟು, ಬೆಂಚು, ತೋರಾ ಎಲ್ಲದರ ಮೇಲೂ ಪೂರ್ತಿ ತೆರಿಗೆ ಕಟ್ಟುತ್ತಿದ್ದಾರೆ.

ತೆಂಗಿನಗರಿ:
ಹೋಗಲಿ ಬಿಡಿ. ಆ ಒಂದು ಮನೆ ವಿಷಯದಲ್ಲಿ ನಾನು ಹೇಳಿದ್ದು ವಾಪಸ್. ಐವತ್ತು ಮನೆ ವಿಷಯದಲ್ಲಿ ವಾಪಸ್ ಇಲ್ಲ.

ಹಡ್ಸನ್‌ದಂಡೆ:
ಮುಖ ಎಲ್ಲಿಡಲಿ. ಸಂಜೆ ಕಸದ ಡಬ್ಬ ಎಳೆದು ತರುವಾಗ ಅವರು ಸಿಕ್ಕಿದ್ದರು. ತೆರಿಗೆ ವಿಷಯ ಎತ್ತಲಿಲ್ಲ. ಪಾರ್ಕಿಂಗ್ ಮಾತ್ರ ಹೇಳಿದೆ. "ಎರಡು ವರ್ಷ ಯಾಕೆ ಹೇಳಲಿಲ್ಲ" ಅಂತ ಅವರೇ ಕೇಳಿದರು. ನಾಳೆಯಿಂದ ಬಾಗಿಲಿಗೆ ಚೀಟಿ ಅಂಟಿಸ್ತಾರಂತೆ, ನೋಡೋಣ.

ಇನ್ನೊಂದು ಪ್ರಶ್ನೆ ಮಾವ. ಅದೇ ಪುಸ್ತಕದಲ್ಲಿ ನಮ್ಮ ಮನೆಯೂ ನೋಡಿದೆ. ನಮ್ಮ ಸಾಲಿನಲ್ಲಿ ಯಾವ ಕೋಡೂ ಇಲ್ಲ. 41854 ಕೂಡ ಇಲ್ಲ.

ಲೆಕ್ಕದ ಮಾವ:
ಪಟ್ಟಿಯಲ್ಲಿ ಇಲ್ಲದಿದ್ದರೆ ಗಾಬರಿ ಬೇಡ. ನೀವು ಹೊಸದಾಗಿ ಕೊಂಡವರು. ನಿಮ್ಮಂಥವರಿಗೆ ಟೌನು ಕೊಡಲ್ಲ, ರಾಜ್ಯದ ತೆರಿಗೆ ಇಲಾಖೆಯಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಅವರೇ ನೇರ ಪ್ರತಿ ವರ್ಷ ಚೆಕ್ ಕಳಿಸ್ತಾರೆ. ಆದಾಯ 5 ಲಕ್ಷ ಡಾಲರ್ ಒಳಗಿದ್ದರೆ ಸಾಕು. ಐದು ವರ್ಷದಿಂದ ಬರುತ್ತಿದೆಯಲ್ಲಾ?

ಹಡ್ಸನ್‌ದಂಡೆ:
ಯಾವ ಚೆಕ್?